ಪರದೆ ತೆರೆಯುವವರೆಗಿನ ಹೊತ್ತು ಯಾರ ಲೆಕ್ಕಕ್ಕೆ?

ತುರ್ತು ಸೇವೆಗಳ ಗಣಕ ವ್ಯವಸ್ಥೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಹೊಸ ತಂತ್ರಾಂಶ ನಿಧಾನವಾಗಿದೆ. ಅದು ನಿಧಾನವಾಗಿರುವುದರಿಂದ ನನ್ನ ಅಕ್ಕ ಸತ್ತಳು. ಅವಳು ಸತ್ತದ್ದಕ್ಕೆ ತಾವು ಆ ದಿನ ಅವಳ ಕರೆ ಸ್ವೀಕರಿಸಿದ ಹೆಣ್ಣುಮಗಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ. ಈ ಮಾತುಗಳಲ್ಲಿ ಮೊದಲನೆಯದನ್ನು ತಾವು ಒಪ್ಪುವುದಿಲ್ಲ, ಎರಡನೆಯದನ್ನು ಕೇಳಿಸಿಕೊಳ್ಳುವುದಿಲ್ಲ, ಮೂರನೆಯದಕ್ಕೆ ಮಾತ್ರ ಮುಂದಿನ ವಾರ ಸಹಿ ಹಾಕುತ್ತೀರಿ ಎಂದು ತಿಳಿದುಬಂದಿದೆ. ಆದ್ದರಿಂದಲೇ ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ. ತಮ್ಮ ಜಾಲತಾಣದ ಅಹವಾಲು ವಿಭಾಗದಲ್ಲಿ ಮೊದಲು ಪ್ರಯತ್ನಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಒಂದು ಚಕ್ರ ಸುತ್ತುತ್ತಿತ್ತು. ನಾನು ಬೇಸತ್ತು ಎದ್ದು ಬರುವಾಗಲೂ ಸುತ್ತುತ್ತಲೇ ಇತ್ತು.

ನಾನು ಗಿರಣಿ ರಸ್ತೆಯಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡವನು. ಶಾಲೆಗಳ ಪ್ರಶ್ನೆಪತ್ರಿಕೆ, ಅಂಗಡಿಗಳ ಬಿಲ್ ಪುಸ್ತಕ, ಕರಪತ್ರ, ಇವೇ ನಮ್ಮ ಅನ್ನ. ನಾನು ಅಕ್ಷರ ಜೋಡಿಸುತ್ತಿದ್ದೆ, ಅಕ್ಕ ಕರಡು ತಿದ್ದುತ್ತಿದ್ದಳು. ಪ್ರೆಸ್ಸು ಕೆಳಗೆ, ಅಕ್ಕ ಭಾವನ ಮನೆ ಮೇಲಿನ ಮಹಡಿಯಲ್ಲಿ. ಭಾವ ಶಾಲೆಯ ವ್ಯಾನು ಓಡಿಸುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಬಾಯಿ ಹಾಕಲು ಈ ಅಚ್ಚಿನವನಿಗೇನು ಅಧಿಕಾರ ಎಂದು ತಮಗನ್ನಿಸಬಹುದು. ಅಧಿಕಾರ ಏನೂ ಇಲ್ಲ. ಅದರ ಮುಂದೆ ಕೂತು ಕೂತು ಬೆನ್ನು ಬಾಗಿದೆ, ಅಷ್ಟೇ.

ನಮ್ಮ ಪ್ರೆಸ್ಸಿಗೆ ಮೊದಲು ಬಂದ ಕಂಪ್ಯೂಟರಿನ ನೆನಪಿನಲ್ಲಿ ಇವತ್ತಿನ ಮೊಬೈಲಿನ ಒಂದೇ ಒಂದು ಫೋಟೋ ಕೂಡ ಹಿಡಿಸುತ್ತಿರಲಿಲ್ಲ. ಆದರೆ ಕೀಲಿ ಒತ್ತಿದರೆ ಅಕ್ಷರ ಬರುತ್ತಿತ್ತು. ಬೆರಳು ಮೇಲೇಳುವ ಮೊದಲೇ ಬರುತ್ತಿತ್ತು. ಆಮೇಲೆ ಅದಕ್ಕಿಂತ ದೊಡ್ಡದು ಬಂತು, ಅದಕ್ಕಿಂತ ಚುರುಕಾದದ್ದು ಬಂತು, ಈಗಿರುವುದಂತೂ ಮೊದಲನೆಯದಕ್ಕಿಂತ ಸಾವಿರಾರು ಪಟ್ಟು ವೇಗ ಎಂದು ಮಾರಿದವನು ಎದೆ ತಟ್ಟಿ ಹೇಳಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಯಂತ್ರ ನಿಜವಾಗಿಯೂ ಅಷ್ಟು ವೇಗ. ಆದರೆ ಅದರ ಮೇಲೆ ಕೂರಿಸಿದ ತಂತ್ರಾಂಶದಲ್ಲಿ ಒಂದು ಸಾಲು ಒತ್ತಿದರೆ ಅಕ್ಷರಗಳು ಯೋಚನೆ ಮಾಡಿ ಮಾಡಿ ಬರುತ್ತವೆ. ಅಕ್ಕ ಈ ಹೊಸ ಕಂಪ್ಯೂಟರಿಗೆ ‘ಅಳಿಯಂದಿರು’ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಮೆಟ್ಟಿಲಿಳಿದು ಬಂದವಳೇ, “ಅಳಿಯಂದಿರು ಎದ್ರೇನೋ?” ಎನ್ನುವಳು. “ಇನ್ನೂ ಮುಖ ತೊಳೀತಾ ಇದಾರೆ ಕಣಕ್ಕಾ,” ಎನ್ನುವೆ. “ಏಳ್ಲಿ, ಏಳ್ಲಿ. ಅವಸರ ಮಾಡಿದ್ರೆ ಮುನಿಸ್ಕೊಂಡು ಹೊರಟೇ ಹೋಗ್ತಾರೆ,” ಎಂದು ಹೇಳಿ ಕನ್ನಡಕ ಒರೆಸಿಕೊಳ್ಳುತ್ತ ಕೂರುವಳು. ಹೊರಟುಹೋಗುವುದೆಂದರೆ, ಇದ್ದಕ್ಕಿದ್ದ ಹಾಗೆ ಪರದೆ ಸ್ತಬ್ಧವಾಗಿ ಅರ್ಧ ದಿನದ ಕೆಲಸ ಮಣ್ಣುಪಾಲಾಗುವುದು.

ಪ್ರೆಸ್ಸಿನಲ್ಲಿ ಇದು ನಗುವ ವಿಷಯ. ಕರಪತ್ರ ಒಂದು ಗಂಟೆ ತಡವಾಗಿ ಹೋದರೆ ಗಿರಾಕಿ ನಾಲ್ಕು ಮಾತು ಬೈಯುತ್ತಾನೆ, ನಾವು ಹಲ್ಲು ಕಿರಿಯುತ್ತೇವೆ, ಅಲ್ಲಿಗೆ ಮುಗಿಯಿತು. ತಮ್ಮ ಇಲಾಖೆಯಲ್ಲಿ ಅಲ್ಲಿಗೆ ಮುಗಿಯುವುದಿಲ್ಲ.

ಆ ಮಧ್ಯಾಹ್ನ ನಾನು ಕಾಗದದ ಅಂಗಡಿಗೆ ಹೋಗಿದ್ದೆ. ಭಾವ ವ್ಯಾನಿನಲ್ಲಿದ್ದರು, ಮಕ್ಕಳನ್ನು ಕೂರಿಸಿಕೊಂಡು ಓಡಿಸುವಾಗ ಅವರು ಫೋನು ಮುಟ್ಟುವವರಲ್ಲ. ಮನೆಯಲ್ಲಿ ಒಬ್ಬಳೇ ಇದ್ದ ಅಕ್ಕನಿಗೆ ಎದೆ ಹಿಡಿದುಕೊಂಡಿತು. ಅವಳು ಕೂಗಾಡಲಿಲ್ಲ. ತಾವು ಊರೆಲ್ಲ ಫಲಕ ಹಾಕಿ ಹೇಳಿದ ಹಾಗೆ ತುರ್ತು ಸಂಖ್ಯೆಗೆ ಫೋನು ಮಾಡಿ, ವಿಳಾಸ ಹೇಳಿ, ಬರುವವರಿಗೆ ತೊಂದರೆಯಾಗಬಾರದೆಂದು ಬಾಗಿಲು ಪೂರ್ತಿ ತೆರೆದಿಟ್ಟು, ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಆಸ್ಪತ್ರೆಯ ಹಳೇ ಚೀಟಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಂಬುಲೆನ್ಸು ನಿಲ್ಲುವ ಜಾಗ ನಮ್ಮ ಪ್ರೆಸ್ಸಿನಿಂದ ನಡೆದುಹೋಗುವಷ್ಟು ಹತ್ತಿರ. ಅವತ್ತೂ ಅಲ್ಲಿ ಒಂದು ಗಾಡಿ ಖಾಲಿ ನಿಂತಿತ್ತು. ತಮ್ಮ ಕೊಠಡಿಯಿಂದ ಸೂಚನೆ ಬಂದ ಕೂಡಲೇ ಅದು ಹೊರಟಿತು ಕೂಡ. ಗಿರಣಿ ರಸ್ತೆಗಲ್ಲ, ಹೊಳೆಯಾಚೆಗಿನ ಗಿರಣಿ ರಸ್ತೆ ಬಡಾವಣೆಗೆ. ಸೈರನ್ ಕೂಗಿಸಿಕೊಂಡು, ಕೆಂಪು ದೀಪ ಮಿನುಗಿಸಿಕೊಂಡು, ನಮ್ಮ ಬೀದಿಯ ಬಾಯಿಯಲ್ಲೇ ಹಾದು ಸೇತುವೆಯ ಕಡೆ ಹೋಯಿತಂತೆ. ಎದುರಿನ ಚಪ್ಪಲಿ ಅಂಗಡಿಯವನು ನೋಡಿದ್ದಾನೆ. ಅಕ್ಕನಿಗೂ ಆ ಸದ್ದು ಕೇಳಿರಬೇಕು. ಬಂದರು ಎಂದುಕೊಂಡಿರಬೇಕು. ಸದ್ದು ದೂರವಾಗುತ್ತ ಹೋದಾಗ ಏನೆಂದುಕೊಂಡಳೋ, ಅದನ್ನು ಯೋಚಿಸಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ನಾನು ಕಾಗದದ ಕಟ್ಟು ಹೊತ್ತುಕೊಂಡು ಬಂದಾಗ ಅವಳು ಕುರ್ಚಿಯಲ್ಲೇ ಇದ್ದಳು. ಆಟೋದಲ್ಲಿ ಹಾಕಿಕೊಂಡು ಹೋದೆ. ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, “ಇನ್ನು ಸ್ವಲ್ಪ ಮುಂಚೆ…” ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು. ನಾವು ಆಸ್ಪತ್ರೆಯಲ್ಲಿದ್ದಾಗ ಆ ಆಂಬುಲೆನ್ಸು ಹೊಳೆಯಾಚೆಯಿಂದ ತಿರುಗಿ ಬಂದು ನಮ್ಮ ಖಾಲಿ ಮನೆಯ ಮುಂದೆ ನಿಂತಿತ್ತಂತೆ.

ಅದರ ಮುಂದಿನ ವಾರ ತಮ್ಮ ನಿಯಂತ್ರಣ ಕೊಠಡಿಗೆ ಹೋದೆ. ನ್ಯಾಯ ಕೇಳಲು ಹೋದೆ ಎಂದರೆ ಸುಳ್ಳಾಗುತ್ತದೆ. ಫೋನು ಎತ್ತಿದವಳನ್ನು ಎದುರಿಗೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈಯಬೇಕೆಂದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿನ ಪಾಳಿಯ ಮೇಲ್ವಿಚಾರಕರು ವಯಸ್ಸಾದವರು, ನನ್ನ ಕೂಗಾಟವನ್ನೆಲ್ಲ ನಿಂತು ಕೇಳಿಸಿಕೊಂಡರು. “ಅವಳು ಇಲ್ಲಿಲ್ಲ ಸರ್. ಅಮಾನತ್ತು ಮಾಡಿದಾರೆ. ಬೈಯೋದಾದ್ರೆ ನನ್ನನ್ನೇ ಬೈಯಿರಿ. ಆದ್ರೆ ಬೈಯೋಕೆ ಮುಂಚೆ ಹತ್ತು ನಿಮಿಷ ಒಳಗೆ ಬಂದು ಕೂತ್ಕೊಳ್ಳಿ,” ಎಂದರು. ಕೂತೆ.

ಆ ಕೊಠಡಿಯನ್ನು ತಾವು ನೋಡಿದ್ದೀರಾ? ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಲು ಬಂದಿದ್ದಿರಂತೆ, ಅದನ್ನು ಬಿಟ್ಟು ಕೇಳುತ್ತಿದ್ದೇನೆ. ಸಾಲಾಗಿ ಮೇಜುಗಳು. ಕಿವಿಗೆ ಹಾಕುವ ಸಾಧನದ ಮೆತ್ತೆ ಉದುರಿ ಉದುರಿ ಹೆಣ್ಣುಮಕ್ಕಳ ಕೂದಲಲ್ಲಿ ಕಪ್ಪು ಪುಡಿ. ಆ ಕಡೆಯಿಂದ ಯಾರೋ ಅಳುತ್ತಿರುತ್ತಾರೆ, ಯಾರೋ ಕಿರುಚುತ್ತಿರುತ್ತಾರೆ, ಈ ಕಡೆಯಿಂದ ಇವರೆಲ್ಲ ಒಂದೇ ಮಾತು ಹೇಳುತ್ತಿರುತ್ತಾರೆ: “ಒಂದು ನಿಮಿಷ ಇರಿ, ತೆರೀತಾ ಇದೆ.” ಈ ಮೇಜಿನಲ್ಲಿ ‘ತೆರೀತಾ ಇದೆ’, ಪಕ್ಕದ ಮೇಜಿನಲ್ಲಿ ‘ತೆರೀತಾ ಇದೆ’. ಏನು ತೆರೆಯುತ್ತಿದೆ? ತಮ್ಮ ತಂತ್ರಾಂಶದ ಮೊದಲ ಪರದೆ. ಅದರಲ್ಲಿ ಇಲಾಖೆಯ ಲಾಂಛನ ಮೊದಲು ನಿಧಾನವಾಗಿ ಅರಳುತ್ತದೆ. ಆಮೇಲೆ ನಗುತ್ತಿರುವ ಕುಟುಂಬವೊಂದರ ಚಿತ್ರ. ಆಮೇಲೆ ಆ ತಿಂಗಳ ಸಾಧನೆಯ ನಕ್ಷೆ. ವಿಳಾಸ ಬರೆಯುವ ಜಾಗ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಪಾಳಿ ಬದಲಾಗುವಾಗ ಪ್ರತಿಯೊಂದು ಯಂತ್ರವನ್ನೂ ಆರಿಸಿ ಹಚ್ಚಬೇಕು, ಇಲ್ಲದಿದ್ದರೆ ಸಂಜೆಯ ಹೊತ್ತಿಗೆ ಇನ್ನೂ ತೆವಳುತ್ತದೆ. ಅದಕ್ಕೆ ಅವರು ‘ಸ್ನಾನ ಮಾಡಿಸೋದು’ ಎನ್ನುತ್ತಾರೆ. “ನನ್ನದಕ್ಕೆ ಸ್ನಾನ ಆಯ್ತು, ನಿನ್ನದಕ್ಕೆ ಮಾಡಿಸೋವರೆಗೂ ಕರೆ ನಾನು ತಗೋತೀನಿ,” ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ತಮ್ಮ ಯಂತ್ರಕ್ಕೆ ಅವರು ತಾಯಂದಿರಾಗಿ ದುಡಿಯುತ್ತಿದ್ದಾರೆ, ಸಂಬಳ ಮಾತ್ರ ಗುತ್ತಿಗೆಯವರದು.

ಬಾಗಿಲ ಬಳಿ ಒಂದು ಪೆಟ್ಟಿಗೆ ಇತ್ತು. ಒಳಗೆ ಬರುವವರು ಪೆನ್ನನ್ನು ಅದರಲ್ಲಿ ಹಾಕಿ ಬರಬೇಕು. ಕಾಗದರಹಿತ ಕಚೇರಿಯಲ್ಲಿ ಪೆನ್ನಿಗೇನು ಕೆಲಸ ಎಂಬುದು ತಮ್ಮ ಸುತ್ತೋಲೆ. ಹಾಗಾದರೆ ಪರದೆ ತೆರೆಯುವವರೆಗೆ ಸಾಯುತ್ತಿರುವವನ ವಿಳಾಸವನ್ನು ಎಲ್ಲಿಡುವುದು? ಹೆಣ್ಣುಮಕ್ಕಳು ದಾರಿ ಹುಡುಕಿಕೊಂಡಿದ್ದಾರೆ. ಕಣ್ಣಿಗೆ ಹಚ್ಚುವ ಕಾಡಿಗೆ ಪೆನ್ಸಿಲ್ಲನ್ನು ಪೆಟ್ಟಿಗೆ ಕಾಯುವವನು ಕೇಳುವುದಿಲ್ಲವಲ್ಲ! ಎಡಗೈಯ ಹಿಂಬದಿಯಲ್ಲಿ ಅದರಿಂದ ವಿಳಾಸ ಗೀಚಿಕೊಂಡು, ಪರದೆ ತೆರೆದ ಮೇಲೆ ಒತ್ತಿ, ಉಜ್ಜಿ ಅಳಿಸುತ್ತಾರೆ. ನಾನು ನೋಡಿದ ಎಡಗೈಗಳೆಲ್ಲ ಮಸಿ ಹಿಡಿದಿದ್ದವು. ನನ್ನ ಕೈಯೂ ಹಾಗೇ ಇರುತ್ತದೆ, ಆದರೆ ನಾನು ಅಚ್ಚಿನವನು.

ಅಕ್ಕನ ಕರೆ ತೆಗೆದುಕೊಂಡವಳನ್ನು ಅವರೆಲ್ಲ ‘ಮಿಂಚು’ ಎಂದು ಕರೆಯುತ್ತಾರೆ. ಆ ಕೊಠಡಿಯಲ್ಲಿ ಎಲ್ಲರಿಗಿಂತ ಚುರುಕು ಕೈ ಅವಳದು. ಅಷ್ಟು ಚುರುಕಿನವಳು ಹೀಗೇಕೆ ಮಾಡಿದಳು ಎಂದು ನಾನು ಹಂಗಿಸಿದೆ. “ಚುರುಕಿದ್ದಿದ್ದಕ್ಕೇ ಆಯ್ತು ಸರ್. ಹೊಸಬರು ಈ ತಪ್ಪು ಮಾಡಲ್ಲ. ಅವರು ಒಂದೊಂದಕ್ಕೂ ಬಾಯಿ ಬಿಟ್ಕೊಂಡು ಕಾಯ್ತಾರೆ. ಇದು ಕೈ ಪಳಗಿದವರು ಮಾತ್ರ ಮಾಡೋ ತಪ್ಪು,” ಎಂದು ಮೇಲ್ವಿಚಾರಕರು ಒಂದು ಯಂತ್ರದ ಮುಂದೆ ಕೂರಿಸಿ ತೋರಿಸಿದರು.

ಹಳೆಯ ವ್ಯವಸ್ಥೆ ಕಪ್ಪು ಪರದೆಯದು. ನೋಡಲು ಚೆನ್ನಾಗಿರಲಿಲ್ಲ, ಒಪ್ಪಿದೆ. ರಸ್ತೆಯ ಮೊದಲ ಮೂರು ಅಕ್ಷರ ಒತ್ತಿದರೆ ಹೆಸರುಗಳ ಪಟ್ಟಿ ತಟ್ಟನೆ ಬರುತ್ತಿತ್ತು, ಬಂದದ್ದು ಬಂದ ಜಾಗದಲ್ಲೇ ಇರುತ್ತಿತ್ತು. ಗಿರಣಿ ರಸ್ತೆ ಯಾವತ್ತಿಗೂ ಮೇಲಿಂದ ಮೊದಲನೆಯದು. ಇಡೀ ಊರು ಹಾಗೆ ಆ ಹೆಣ್ಣುಮಕ್ಕಳ ಬೆರಳಿನಲ್ಲಿ ಕೂತಿತ್ತು. ಕಣ್ಣು ಪರದೆಯ ಮೇಲಿರಬೇಕಾಗಿರಲಿಲ್ಲ, ಗಮನವೆಲ್ಲ ಕಿವಿಯಲ್ಲಿ ಅಳುತ್ತಿರುವವರ ಮೇಲಿರುತ್ತಿತ್ತು. ಅವರಿಗೆ ತಾವೇ ಕೊಟ್ಟ ತರಬೇತಿ ಅದು. ಹೊಸ ತಂತ್ರಾಂಶದಲ್ಲಿ ಪಟ್ಟಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಯಂತ್ರ ತನಗೆ ಗೊತ್ತಿರುವ ಹೆಸರುಗಳನ್ನು ತೋರಿಸುತ್ತದೆ. ಆಮೇಲೆ ಎಲ್ಲೋ ದೂರದ ಇನ್ನೊಂದು ಯಂತ್ರವನ್ನು ಕೇಳಿ, ಜನ ಅತಿ ಹೆಚ್ಚು ಹುಡುಕುವ ಜಾಗಗಳನ್ನು ತಂದು ಮೇಲೆ ತುರುಕುತ್ತದೆ. ಮೊದಲಿದ್ದವು ಕೆಳಕ್ಕೆ ಜಾರುತ್ತವೆ. ಹೊಳೆಯಾಚೆಯ ಬಡಾವಣೆಯಲ್ಲಿ ದೊಡ್ಡ ಮಾಲ್ ಇದೆ, ಜನ ಅದನ್ನು ಹುಡುಕುತ್ತಾರೆ. ನಮ್ಮ ಬೀದಿಯನ್ನು ಯಾರು ಹುಡುಕುತ್ತಾರೆ? ಮಿಂಚು ಒತ್ತಲು ಬೆರಳಿಳಿಸಿದಾಗ ಮೊದಲ ಸಾಲಿನಲ್ಲಿ ಗಿರಣಿ ರಸ್ತೆ ಇತ್ತು. ಬೆರಳು ತಾಗುವಾಗ ಗಿರಣಿ ರಸ್ತೆ ಬಡಾವಣೆ ಇತ್ತು. ಇಷ್ಟೇ ನಡೆದದ್ದು.

ತಮ್ಮ ಮೊಬೈಲಿನಲ್ಲಿ ತಾವೂ ಇದನ್ನು ಅನುಭವಿಸಿರುತ್ತೀರಿ. ಯಾವುದೋ ಸುದ್ದಿ ಓದಲು ಬೆರಳಿಡುತ್ತೀರಿ, ಅಷ್ಟರಲ್ಲಿ ಪುಟ ಜಿಗಿದು ಬೆರಳಡಿಗೆ ಒಳಉಡುಪಿನ ಜಾಹೀರಾತು ಬಂದು ಕೂತಿರುತ್ತದೆ. ಆಗ ತಾವು ‘ನನ್ನದು ಮಾನವ ದೋಷ’ ಎಂದು ಕೆನ್ನೆಗೆ ಹೊಡೆದುಕೊಳ್ಳುತ್ತೀರಾ? ತಂತ್ರಾಂಶ ಮಾಡಿದವನಿಗೆ ಶಾಪ ಹಾಕಿ ಹಿಂದಕ್ಕೆ ಬರುತ್ತೀರಿ. ಆಂಬುಲೆನ್ಸು ಹಾಗೆ ಹಿಂದಕ್ಕೆ ಬರುವುದಿಲ್ಲ ಸ್ವಾಮಿ, ಅಷ್ಟು ಹೊತ್ತಿಗೆ ಅದು ಸೇತುವೆಯ ಮೇಲಿನ ಗಾಡಿಗಳ ನಡುವೆ ಸಿಕ್ಕಿಕೊಂಡಿರುತ್ತದೆ.

ಈ ನಿಧಾನ ಎಲ್ಲಿಂದ ಬಂತು? ಯಂತ್ರ ಸಾವಿರಪಟ್ಟು ವೇಗವಾಯಿತಲ್ಲ, ಆ ವೇಗವನ್ನು ತಿಂದವರು ಯಾರು? ನಮ್ಮ ಪ್ರೆಸ್ಸಿನ ಯಂತ್ರಗಳನ್ನು ರಿಪೇರಿ ಮಾಡುವವರನ್ನು ಕೇಳಿದೆ. ಅವರು ಮೊದಲು ಇಂಥದೇ ತಂತ್ರಾಂಶ ಮಾಡುವ ಕಂಪನಿಯಲ್ಲಿದ್ದವರು. “ಯಾರೋ ಒಬ್ಬರು ತಿಂದಿದ್ರೆ ಹಿಡೀಬಹುದಿತ್ತು ಯಜಮಾನ್ರೇ. ಎಲ್ಲರೂ ಚೂರು ಚೂರು ತಿಂದಿದಾರೆ,” ಎಂದರು. ಈಗ ಯಾರೂ ತಂತ್ರಾಂಶವನ್ನು ಬುಡದಿಂದ ಬರೆಯುವುದಿಲ್ಲವಂತೆ. ಬೇರೆಯವರು ಬರೆದಿಟ್ಟದ್ದನ್ನು ತಂದು, ಅದರ ಮೇಲೆ ಇನ್ನೊಬ್ಬರದನ್ನು ಪೇರಿಸಿ, ಎಲ್ಲದರ ಮೇಲೆ ತಮ್ಮದೊಂದು ಬಣ್ಣದ ಗುಂಡಿ ಕೂರಿಸುತ್ತಾರೆ. ಆ ಒಂದು ಗುಂಡಿಗಾಗಿ ಅದರಡಿಯ ಇಡೀ ರಾಶಿ ಪ್ರತಿ ಸಲ ಮೈಮುರಿದು ಏಳಬೇಕು. ಅದರ ಜೊತೆಗೆ, ನೀವು ಎಲ್ಲಿ ಒತ್ತಿದಿರಿ, ಎಷ್ಟು ಹೊತ್ತು ನೋಡಿದಿರಿ ಎಂದು ಬರೆದುಕೊಂಡು ಯಾರಿಗೋ ಚಾಡಿ ಹೇಳುವ ಕೆಲಸ ಬೇರೆ. ಮಾಡುವವರು ಕೂರುವುದು ತಂಪಾದ ಕೋಣೆಯಲ್ಲಿ, ಆ ವರ್ಷ ಕೊಂಡ ಯಂತ್ರದ ಮುಂದೆ, ಅತಿ ವೇಗದ ಸಂಪರ್ಕದ ಪಕ್ಕದಲ್ಲಿ. ಅಲ್ಲಿ ಎಲ್ಲವೂ ಚೆನ್ನಾಗಿ ಓಡುತ್ತದೆ. ನಿಧಾನ ಎಂದು ದೂರಿದರೆ, “ನಮ್ಮಲ್ಲಿ ಸರಿಯಾಗೇ ಇದೆಯಲ್ಲ” ಎಂದು ಉತ್ತರ ಬರುತ್ತದೆ. ಇನ್ನೂ ಒತ್ತಾಯಿಸಿದರೆ, ಹೊಸ ಯಂತ್ರ ಕೊಳ್ಳಿ ಎನ್ನುತ್ತಾರೆ. ಕೊಂಡರೆ ಅದರ ವೇಗಕ್ಕೂ ಬಾಯಿ ಹಾಕಲು ಮುಂದಿನ ಆವೃತ್ತಿ ಬಾಗಿಲಲ್ಲೇ ನಿಂತಿರುತ್ತದೆ.

ಇದರಲ್ಲಿ ನನಗೆ ಸಿಟ್ಟು ಬರುವುದು ಸೋಮಾರಿತನದ ಬಗ್ಗೆ ಅಲ್ಲ. ಸೋಮಾರಿಗಳು ಎಲ್ಲ ಕಸುಬಿನಲ್ಲೂ ಇದ್ದಾರೆ, ನನ್ನದರಲ್ಲೂ ಇದ್ದಾರೆ. ಯಂತ್ರ ವೇಗವಾದಾಗ ಆ ಲಾಭ ಅದನ್ನು ಬಳಸುವವರಿಗೆ ಸಿಗಬೇಕಾಗಿತ್ತು. ಅದನ್ನು ಮಾಡುವವರು ತಮ್ಮ ಅನುಕೂಲಕ್ಕೆ, ಮಾರುವವರು ತಮ್ಮ ಥಳುಕಿಗೆ, ಕೊಳ್ಳುವವರು ತಮ್ಮ ನಕ್ಷೆಗಳಿಗೆ ಹಂಚಿಕೊಂಡರು. ಕಾಯುವ ಕೆಲಸವನ್ನು ಮಾತ್ರ ಮೇಜಿನ ಮುಂದೆ ಕೂತವರಿಗೆ, ಫೋನಿನ ಆ ತುದಿಯಲ್ಲಿ ಎದೆ ಹಿಡಿದುಕೊಂಡವರಿಗೆ ಬಿಟ್ಟರು. ತಮ್ಮ ಟೆಂಡರಿನಲ್ಲಿ ಲಾಂಛನದ ಬಣ್ಣ ಯಾವುದಿರಬೇಕು ಎಂಬುದಕ್ಕೆ ಒಂದು ಇಡೀ ಪುಟ ಇದೆಯಂತೆ. ಕರೆ ಬಂದ ಮೇಲೆ ಪರದೆ ಎಷ್ಟು ಬೇಗ ತೆರೆಯಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲವಂತೆ. ಯಾರಾದರೂ ಕೇಳಿದ್ದರೆ ತಾನೇ ಇರಲು?

ಹೊಸ ತಂತ್ರಾಂಶ ಬಂದ ಮೇಲೆ ಸೇವೆ ಇನ್ನಷ್ಟು ಚುರುಕಾಗಿದೆ ಎಂದು ತಾವು ಪತ್ರಿಕಾಗೋಷ್ಠಿಯಲ್ಲಿ ಬೆನ್ನು ತಟ್ಟಿಕೊಂಡಿರಿ. ಅಂಕಿಅಂಶವೂ ಹಾಗೇ ಹೇಳುತ್ತದೆ, ನೋಡಿದೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ, ಒಂದು ಕರೆಗೆ ತಗಲುವ ಹೊತ್ತು ತೋರಿಸುವ ಹಸಿರು ಗೆರೆ ಇಳಿಯುತ್ತಲೇ ಇತ್ತು. ಒಳಗೆ ಅಷ್ಟು ಜನ ‘ತೆರೀತಾ ಇದೆ’ ಎನ್ನುತ್ತಿರುವಾಗ ಹೊರಗೆ ಇದು ಹೇಗೆ ಸಾಧ್ಯ ಎಂದು ಮೇಲ್ವಿಚಾರಕರನ್ನು ಕೇಳಿದೆ. “ಗಡಿಯಾರ ಶುರುವಾಗೋದೇ ಪರದೆ ತೆರೆದ ಮೇಲೆ ಸರ್,” ಎಂದರು. ಫೋನು ಹೊಡೆದುಕೊಂಡಾಗಿನಿಂದ ಅಲ್ಲ. ಎತ್ತಿದಾಗಿನಿಂದಲೂ ಅಲ್ಲ. ತಮ್ಮ ತಂತ್ರಾಂಶ ಸುಖವಾಗಿ ಎದ್ದು ಕೂತಾದ ಮೇಲೆ! ಓಟದ ಪಂದ್ಯದಲ್ಲಿ ಅರ್ಧ ದಾರಿ ಓಡಿಸಿ ಆಮೇಲೆ ಗಡಿಯಾರ ಒತ್ತಿದರೆ ಕುಂಟನೂ ದಾಖಲೆ ಮುರಿಯುತ್ತಾನೆ. ನನ್ನ ಅಕ್ಕ ಕಾದದ್ದರಲ್ಲಿ ಎಷ್ಟೋ ಭಾಗ ತಮ್ಮ ಲೆಕ್ಕದ ಪ್ರಕಾರ ನಡೆದೇ ಇಲ್ಲ.

ಅಲ್ಲಿಂದ ನಾನು ಮಿಂಚುವಿನ ಮನೆಗೆ ಹೋದೆ. ಬೈಯುವ ಆಸೆ ಅಷ್ಟರಲ್ಲಿ ಬಹುಮಟ್ಟಿಗೆ ಇಳಿದಿತ್ತು. ನಾನು ಯಾರೆಂದು ಹೇಳಿದಾಗ ಅವಳು ಬಾಗಿಲಲ್ಲೇ ಗೋಡೆ ಹಿಡಿದುಕೊಂಡಳು. ಒಳಗೆ ಕರೆದು ಕೂರಿಸಿದ್ದು ಅವಳ ತಾಯಿ. ಆಮೇಲೆ ಅವಳೇ, “ಸರ್, ನಾನು ಒತ್ತಿದ್ದು ಗಿರಣಿ ರಸ್ತೆನೇ,” ಎಂದಳು. ಸ್ವಲ್ಪ ತಡೆದು, “ಹಾಗಂತ ಅನ್ಕೊಂಡಿದೀನಿ. ಎಲ್ರೂ ಅಲ್ಲ ಅಂತಿದಾರೆ. ಈಗ ನಂಗೂ ಗೊತ್ತಾಗ್ತಿಲ್ಲ,” ಎಂದಳು. ಅವಳ ತಾಯಿ ಹೇಳಿದರು: “ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾಳೆ. ಒಲೆ ಆರಿಸಿ ನನ್ನ ಕರೆದು ತೋರಿಸ್ತಾಳೆ, ಅಮ್ಮಾ ಆರಿದೆಯಾ ನೋಡು ಅಂತ.” ಊರಿನ ಬೀದಿಗಳೆಲ್ಲ ಗೊತ್ತಿದ್ದ ಕೈಗೆ ಈಗ ಒಲೆಯ ಗುಂಡಿಯ ಮೇಲೂ ನಂಬಿಕೆಯಿಲ್ಲ. ಇದನ್ನು ಮಾಡಿದವರು ಯಾರು?

ಅಕ್ಕನ ಬೀದಿ ಅವಳಿಗೆ ಸರಿಯಾಗಿಯೇ ಕೇಳಿಸಿತ್ತು ಎಂಬುದಕ್ಕೆ ಸಾಕ್ಷಿ ಇತ್ತು. ಅವಳ ಎಡಗೈ ಮೇಲೆ ಕಾಡಿಗೆಯಲ್ಲಿ ‘ಗಿರಣಿ ರಸ್ತೆ, ಪ್ರೆಸ್ ಮೇಲೆ’ ಎಂದು ಬರೆದಿತ್ತು. ಒಂದರ ಹಿಂದೆ ಒಂದು ಬಂದ ಕರೆಗಳು ಮುಗಿದ ಮೇಲೆ ಉಜ್ಜಿ ಅಳಿಸಲು ಹೋಗಿ, ಕೈ ನೋಡಿ, ಪರದೆ ನೋಡಿ, ಆಂಬುಲೆನ್ಸಿನ ಡ್ರೈವರನಿಗೆ ಫೋನು ಮಾಡಿದ್ದು ಅವಳೇ. ಅದನ್ನು ಅವಳು ವಿಚಾರಣೆಯಲ್ಲಿ ಪ್ರಾಮಾಣಿಕವಾಗಿ ಹೇಳಿದಳು. ತಾವು ಏನು ಮಾಡಿದಿರಿ? ‘ಕರೆದಾರರ ಖಾಸಗಿ ಮಾಹಿತಿಯನ್ನು ಅನಧಿಕೃತವಾಗಿ ಶರೀರದ ಮೇಲೆ ದಾಖಲಿಸಿಕೊಂಡಿರುವುದು’ ಎಂದು ಎರಡನೆಯ ಆರೋಪ ಹೊರಿಸಿದಿರಿ. ಈ ವಾಕ್ಯ ರಚಿಸಿದವರನ್ನು ಒಮ್ಮೆ ನೋಡಬೇಕೆಂಬ ಆಸೆಯಿದೆ. ಆರೋಪಪಟ್ಟಿಯ ಮೊದಲ ಭಾಗ ಇನ್ನೂ ಸೊಗಸು: ‘ತಂತ್ರಾಂಶದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ದಾಖಲೆಯ ಪ್ರಕಾರ ಸದರಿ ಬಡಾವಣೆಯನ್ನು ಸಿಬ್ಬಂದಿಯೇ ಆಯ್ಕೆ ಮಾಡಿರುತ್ತಾರೆ.’ ದಾಖಲೆ ಬರೆದವರು ಯಾರು ಸ್ವಾಮಿ? ಅದೇ ತಂತ್ರಾಂಶ. ಆರೋಪಿಯೇ ಪಂಚನಾಮೆ ಬರೆದು, ತಾನು ನಿರ್ದೋಷಿ ಎಂದು ಮೊಹರು ಒತ್ತಿಕೊಂಡಿದೆ.

ನಮ್ಮ ಮನೆಯಲ್ಲೂ ಈ ಪತ್ರಕ್ಕೆ ಒಪ್ಪಿಗೆ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ತಮ್ಮ ಕ್ರಮಕ್ಕೆ ಆಧಾರವಾಗಿರುವ ದೂರು ಕೊಟ್ಟವರು ನನ್ನ ಭಾವ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಿದಾಗ ಅವರು ತಟ್ಟೆ ಸರಿಸಿ ಎದ್ದರು. “ಸತ್ತಿರೋದು ನಿಮ್ಮಕ್ಕ. ನೀನು ಕೊಂದವಳ ಪರ ವಕಾಲತ್ತು ಹಾಕ್ತೀಯಲ್ಲೋ!” ಎಂದರು. “ಕೊಂದಿದ್ದು ಅವಳಲ್ಲ ಭಾವಾ,” ಎಂದೆ. “ಮತ್ಯಾರು, ಯಂತ್ರಾನಾ? ಯಂತ್ರದ ಕೊರಳಪಟ್ಟಿ ಹಿಡಿಯೋಕಾಗುತ್ತಾ? ನನಗೆ ಒಬ್ಬ ಮನುಷ್ಯ ಬೇಕು ಕಣೋ, ಬೈಯೋಕೆ ಒಂದು ಮುಖ ಬೇಕು,” ಎಂದು ಅತ್ತರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರ ಮಾತು ತಪ್ಪು ಎಂದು ನಾನು ಹೇಳಲಾರೆ. ದುಃಖಕ್ಕೆ ಒಂದು ಮುಖ ಬೇಕಾಗುತ್ತದೆ. ಅದು ತಮಗೂ ಚೆನ್ನಾಗಿ ಗೊತ್ತಿದೆ. ಅದಕ್ಕೇ ತಾವು ಸುಲಭಕ್ಕೆ ಸಿಗುವ ಒಂದು ಮುಖವನ್ನು ಹುಡುಕಿ ನಮ್ಮ ಮುಂದೆ ತಳ್ಳಿ, ತಮ್ಮ ಮುಖವನ್ನು ಹಿಂದಕ್ಕೆ ಸರಿಸಿಕೊಂಡಿರಿ.

ಕೊನೆಯ ವಿಚಾರಣೆಯ ದಿನ ಅಕ್ಕನ ಕರೆಯ ಧ್ವನಿಮುದ್ರಣ ಕೇಳಿಸಿದರು. ಹಿಂದಿನ ಬೆಂಚಿನಲ್ಲಿ ನಾನೂ ಭಾವನೂ ಕೂತಿದ್ದೆವು. ಕೋಣೆಯಲ್ಲಿ ಅಕ್ಕನ ದನಿ ಬಂತು. ಗಿರಣಿ ರಸ್ತೆ, ಪ್ರೆಸ್ಸಿನ ಮೇಲಿನ ಮನೆ, ಎದೆ ಹಿಡ್ಕೊಂಡಿದೆ. “ಒಂದು ನಿಮಿಷ ಅಮ್ಮ, ತೆರೀತಾ ಇದೆ,” ಎಂದು ಹುಡುಗಿಯ ದನಿ. ಆಮೇಲೆ ಬರೀ ಉಸಿರು. “ಲೈನಲ್ಲಿದೀರಾ ಅಮ್ಮ? ಇನ್ನೇನು ಬಂತು… ಬಂತು ಅಮ್ಮ…” ಮತ್ತೆ ಉಸಿರು. ಆ ಹುಡುಗಿ ಪರದೆಯನ್ನು ಬೇಡಿಕೊಳ್ಳುವುದು ಕೇಳಿಸುತ್ತಿತ್ತು, “ತೆರ್ಕೋ, ದಯವಿಟ್ಟು ತೆರ್ಕೋ,” ಎಂದು, ಅಳುವ ದನಿಯಲ್ಲಿ. ಆಗ ಅಕ್ಕ, ಉಸಿರು ಸಿಗದಿದ್ದರೂ, ಒಂದೊಂದೇ ಮಾತು ಎತ್ತಿ ಇಡುವ ಹಾಗೆ ಹೇಳಿದಳು: “ಗಾಬರಿ ಆಗ್ಬೇಡಮ್ಮ. ನಿಧಾನಕ್ಕೆ ಮಾಡು. ನಾನು ಇಲ್ಲೇ ಇರ್ತೀನಿ.”

ಭಾವ ಎದ್ದು ಹೊರಗೆ ಹೋದರು. ಮನೆಗೆ ಬಂದ ಮೇಲೆ, “ಬರಿ. ಏನ್ ಬರೀಬೇಕೋ ಬರಿ. ಆ ಹುಡುಗಿನ ಬಿಟ್ಟುಬಿಡೋಕೆ ಹೇಳು,” ಎಂದರು. ದೂರನ್ನು ಹಿಂದಕ್ಕೆ ಪಡೆಯುವ ಅರ್ಜಿಗೆ ಅವತ್ತೇ ಸಹಿ ಹಾಕಿ ತಮ್ಮ ಕಚೇರಿಗೆ ತಲುಪಿಸಿದ್ದಾರೆ. ತಲುಪಿಲ್ಲ ಎಂದು ಹೇಳಬೇಡಿ, ಸ್ವೀಕೃತಿ ನಮ್ಮ ಬಳಿ ಇದೆ.

ಆದರೂ ತಮ್ಮ ಅಂತಿಮ ವರದಿ ಬಂತು. ಆ ಹುಡುಗಿಯನ್ನು ವಜಾ ಮಾಡಬೇಕೆಂದೂ, ಇದೇ ತಂತ್ರಾಂಶವನ್ನು ಇನ್ನು ಮುಂದೆ ಅಗ್ನಿಶಾಮಕ ದಳಕ್ಕೂ ವಿಸ್ತರಿಸಬಹುದೆಂದೂ ಅದರಲ್ಲಿ ಶಿಫಾರಸು ಇದೆ. ವೇಗದ ವಿಷಯಕ್ಕೆ ಕೊಟ್ಟಿರುವುದು ಒಂದೇ ವಾಕ್ಯ. ಅದನ್ನು ಯಾವ ಬದಲಾವಣೆಯೂ ಇಲ್ಲದೆ ಇಲ್ಲಿ ಕೊಡುತ್ತಿದ್ದೇನೆ: ‘ಕರೆದಾರರೇ ಸ್ವತಃ “ನಿಧಾನಕ್ಕೆ ಮಾಡು” ಎಂದು ಸೂಚಿಸಿರುವುದರಿಂದ, ತಂತ್ರಾಂಶದ ವೇಗದ ಬಗ್ಗೆ ಅವರಿಗೆ ಯಾವುದೇ ಅಸಮಾಧಾನ ಇರಲಿಲ್ಲವೆಂದು ಭಾವಿಸಬಹುದಾಗಿದೆ.’

ಓದಿದ ಮೇಲೆ ನನಗೆ ತಮ್ಮ ಮೇಲೆ ಕೂಗಾಡುವ ಶಕ್ತಿಯೂ ಉಳಿಯಲಿಲ್ಲ. ಆದ್ದರಿಂದ ಕೇಳುವುದನ್ನಷ್ಟೇ ಕೇಳುತ್ತೇನೆ. ಆ ಹೆಣ್ಣುಮಗಳನ್ನು ಅವಳ ಕುರ್ಚಿಗೆ ವಾಪಸು ಕರೆಸಿ. ಅವರ ಪೆನ್ನುಗಳನ್ನು ಅವರಿಗೆ ಕೊಡಿ. ಗಡಿಯಾರ ಫೋನು ಹೊಡೆದುಕೊಂಡ ಕ್ಷಣದಿಂದ ಓಡಲಿ, ಗೋಡೆಯ ಮೇಲಿನ ಗೆರೆ ಎಷ್ಟೇ ಕೆಂಪಗಾದರೂ ಸರಿ. ಒತ್ತುವ ಬೆರಳಿನಡಿಯಿಂದ ಸಾಲು ಜಾರುವ ಯಾವ ತಂತ್ರಾಂಶವನ್ನೂ, ಅದೆಷ್ಟು ಚೆಂದವಿದ್ದರೂ, ಮನುಷ್ಯರ ಪ್ರಾಣದ ನಡುವೆ ತಂದಿಡಬೇಡಿ. ಅಗ್ನಿಶಾಮಕ ದಳಕ್ಕೆ ಕೊಡುವ ಮೊದಲು ತಾವೇ ಒಂದು ಪಾಳಿ ಆ ಮೇಜಿನಲ್ಲಿ ಕೂತು, ಕಿವಿಯಲ್ಲಿ ಯಾರೋ ಕಿರುಚುತ್ತಿರುವಾಗ ತಮ್ಮ ಲಾಂಛನ ಅರಳುವುದನ್ನು ನೋಡಿ.

ಇಷ್ಟನ್ನೂ ಮಾಡಲು ತಮಗೆ ಸಮಯ ಬೇಕಾಗಬಹುದು. ಒಂದನ್ನು ಮಾತ್ರ ಇವತ್ತೇ ಮಾಡಿ, ಅದಕ್ಕೆ ಯಾವ ಯಂತ್ರವೂ ಬೇಡ. ವರದಿಯಿಂದ ಅಕ್ಕನ ಮಾತನ್ನು ಹೊಡೆದುಹಾಕಿ. ಅವಳು ಸಾಯುವ ಹೊತ್ತಿನಲ್ಲಿ ಅದನ್ನು ಹೇಳಿದ್ದು ಹೆದರಿ ಅಳುತ್ತಿದ್ದ ಒಂದು ಹುಡುಗಿಗೆ. ತಮಗಲ್ಲ.

ಇಂತಿ,
ತಮ್ಮ ವರದಿಯಲ್ಲಿ ‘ಮೃತರ ಸಂಬಂಧಿ, ಕ್ರಮಸಂಖ್ಯೆ ಎರಡು’ ಎಂದಷ್ಟೇ ಆಗಿ ಉಳಿದಿರುವ
ಗಿರಣಿ ರಸ್ತೆಯ ಅಚ್ಚಿನವನು